ಇಂಜಿನ್ ಓಡುತ್ತಿದ್ದರೂ ಸ್ಟಾಲ್ ಆಗುತ್ತದೆಯೇ?

ಎನ್‌ಸಿಸಿ ಏರ್ ವಿಂಗ್ ಪರೀಕ್ಷೆಗೆ ಓದುತ್ತಾ, "ಸ್ಟಾಲ್ ಅಂದರೆ ಹಾರುವಾಗ ಇಂಜಿನ್ ನಿಂತುಹೋಗೋದಾ?" ಅಂತ ಕೇಳಿದ್ದೀರಿ. ಅಲ್ಲ. ಸ್ಟಾಲ್ ಆಗುವುದು ರೆಕ್ಕೆ.

ಎದುರಿನಿಂದ ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನ ಹೆಚ್ಚಿದಂತೆ ಲಿಫ್ಟ್, ಅಂದರೆ ವಿಮಾನವನ್ನು ಮೇಲಕ್ಕೆ ಹಿಡಿಯುವ ಬಲ, ಕೂಡ ಹೆಚ್ಚುತ್ತದೆ. ಆದರೆ ಸಣ್ಣ ವಿಮಾನಗಳಲ್ಲಿ ಆ ಕೋನ ಸುಮಾರು 15 ಡಿಗ್ರಿ ದಾಟಿತೆಂದರೆ, ರೆಕ್ಕೆಯ ಮೇಲ್ಭಾಗಕ್ಕೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಕೊಂಡು ಸುಳಿಸುಳಿಯಾಗುತ್ತದೆ, ಲಿಫ್ಟ್ ಕುಸಿಯುತ್ತದೆ. ಇದೇ ಸ್ಟಾಲ್. ಪುಸ್ತಕದಲ್ಲಿ ಕೊಡುವ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ಸ್ಟಾಲ್ ಆಗುವ ವೇಗ, ನೇರ, ಸಮತಟ್ಟು ಹಾರಾಟಕ್ಕೆ ಮಾತ್ರ. ಇದನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಿ. 50 ನಾಟ್‌ (ವಿಮಾನದ ವೇಗದ ಅಳತೆ) ವೇಗದಲ್ಲಿ ಸ್ಟಾಲ್ ಆಗುವ ವಿಮಾನವನ್ನು ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿಸಿ ತಿರುಗಿಸಿದರೆ, ಸುಮಾರು 71 ನಾಟ್‌ನಲ್ಲೇ ಸ್ಟಾಲ್ ಆಗುತ್ತದೆ. ರೆಕ್ಕೆ ಆಗ ಎರಡು ಪಟ್ಟು ಭಾರ ಹೊರಬೇಕಲ್ಲ!

2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಹಾರುತ್ತಿದ್ದ ಏರ್ ಫ್ರಾನ್ಸ್ 447 ವಿಮಾನಕ್ಕೆ ಆದದ್ದೂ ಸ್ಟಾಲೇ. ವೇಗ ಅಳೆಯುವ ಪಿಟೊ ಕೊಳವೆಗಳಲ್ಲಿ ಹಿಮ ಕಟ್ಟಿ ಆಟೋಪೈಲಟ್ ಬಿಟ್ಟುಹೋಯಿತು. ಆಮೇಲೆ ಪೈಲಟ್ ಮೂತಿಯನ್ನು ಮೇಲಕ್ಕೆತ್ತಿದ್ದರಿಂದ ಸುಮಾರು 38,000 ಅಡಿ ಎತ್ತರದಲ್ಲಿ ಸ್ಟಾಲ್ ಆದ ವಿಮಾನ ಮತ್ತೆ ಸುಧಾರಿಸಿಕೊಳ್ಳದೆ ಸಮುದ್ರಕ್ಕೆ ಬಿತ್ತು. 228 ಜನ ಪ್ರಾಣ ಕಳೆದುಕೊಂಡರು. ನೆನೆದರೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಇಂಜಿನ್‌ಗಳು ಓಡುತ್ತಲೇ ಇದ್ದವು.

ಸ್ಟಾಲ್‌ನಿಂದ ಹೊರಬರುವುದು ಹೇಗೆ ಅಂತ ಕೇಳಿದರೆ, ಸ್ಟಿಕ್ (ಪೈಲಟ್ ಹಿಡಿಯುವ ನಿಯಂತ್ರಣ ಕೋಲು) ಮುಂದಕ್ಕೆ ತಳ್ಳಿ ಕೋನ ಇಳಿಸುವುದನ್ನೇ ಮೊದಲು ಬರೆಯಿರಿ. ಪವರ್ ಕೊಡುವುದು, ರೆಕ್ಕೆ ಸಮ ಮಾಡುವುದು ಆಮೇಲೆ.