ಬೀದರ್ ಜಿಲ್ಲೆಯಲ್ಲಿ ನೀರಿನ ಸಂಶೋಧನೆ ಎಲ್ಲಿಂದ ಶುರು ಮಾಡಬೇಕು?

ಕಲಬುರಗಿಯಲ್ಲಿ ಸಂಶೋಧನೆಗೆ ನೋಂದಾಯಿಸಿಕೊಂಡಿದ್ದೀರಿ, ಬೀದರ್ ಜಿಲ್ಲೆಯ ಹವಾಮಾನ ಬದಲಾವಣೆ ಮತ್ತು ಅಂತರ್ಜಲ ನಿಮ್ಮ ವಿಷಯ, ಉಪಕರಣಕ್ಕೆ ದುಡ್ಡಿಲ್ಲ. ಇಂಟರ್ನೆಟ್‌ನಲ್ಲಿ ಸಿಗುವ ಅಂಕಿಅಂಶ ಸಾಕೇ ಎಂದು ಕೇಳಿದ್ದೀರಿ. ಸಾಲದು. ಮೂವತ್ತು ಮೀಟರಿನ ಟೇಪು, ಅದರ ತುದಿಗೆ ಕಟ್ಟಲು ಭಾರದ ಒಂದು ನಟ್ಟು, ಒಂದು ನೋಟ್‌ಬುಕ್ ತೆಗೆದುಕೊಂಡು ತೆರೆದ ಬಾವಿಗಳ ಬಳಿಗೆ ಹೋಗಿ. ನಾನು ಎರಡು ಮಳೆಗಾಲ ಇದನ್ನೇ ಮಾಡಿದವನು. ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ನೆಲ ನೋಡಿ. ಬೀದರ್ ಪಟ್ಟಣ ಕುಳಿತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ತೂತು ತೂತಾದ ಈ ಕಲ್ಲು ಬಿದ್ದ ಮಳೆಯನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಅಡಿಗೆ ಜೇಡಿ, ಇನ್ನೂ ಕೆಳಗೆ ಕಪ್ಪು ಬಸಾಲ್ಟ್ ಬಂಡೆ. ಇಳಿದ ನೀರು ಅಲ್ಲಿ ತಡೆದು, ಅಡ್ಡಲಾಗಿ ಹರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಊಟೆಯಾಗಿ ಹೊರಬೀಳುತ್ತದೆ. ನಾನಕ್ ಝೀರಾ ಗುರುದ್ವಾರದ ಸಿಹಿನೀರು, ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟ ನೀರಿನಲ್ಲಿ ನಡೆದುಹೋಗುವುದು, ಎಲ್ಲಕ್ಕೂ ಈ ರಚನೆಯೇ ಕಾರಣ. ಬಹಮನಿ ಅರಸರ ಕಾಲದಲ್ಲಿ, 15ನೇ ಶತಮಾನದಲ್ಲಿ, ಬೀದರ್ ಪಕ್ಕದ ನೌಬಾದ್‌ನ ಸುರಂಗ ಬಾವಿ ತೋಡಿದವರೂ ಇದನ್ನು ಅರಿತಿದ್ದರು. ಪರ್ಷಿಯಾದ ಕರೇಜ್ ವಿದ್ಯೆಯಂತೆ ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು, ಗಾಳಿ ಬೆಳಕಿಗೆ ನಡುನಡುವೆ ಬಾವಿಗಳನ್ನು ಇಳಿಸಿ, ಯಾವ ಯಂತ್ರವೂ ಇಲ್ಲದೆ ನೀರನ್ನು ದೂರಕ್ಕೆ ಹರಿಸಿದರು. ನಿಮ್ಮ ಕೆಲಸ ಆರಂಭಿಸುವ ಮುನ್ನ ಒಂದು ದಿನ ಅಲ್ಲಿಗೆ ಹೋಗಿ ಬನ್ನಿ. ನಗರ ಬೆಳೆದಂತೆ ಆ ಸಾಲಿನ ಕೆಲವು ಬಾವಿಗಳು ಕಸ, ಮಣ್ಣು ತುಂಬಿ ಮುಚ್ಚಿಹೋದದ್ದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಪ್ರಸ್ಥಭೂಮಿಯಿಂದ ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಕಪ್ಪು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆ ಆ ಬಿರುಕಿನಲ್ಲಿ ಗಟಗಟ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಕೂಡಿಕೊಂಡ ಮೇಲೆ ಬೀಳುವ ಬಿರುಸಿನ ಮಳೆಯಲ್ಲಿ ಬಹುಪಾಲು ಹಳ್ಳಕ್ಕೆ ಹರಿದುಹೋಗುತ್ತದೆ. ಒಂದೇ ದಿನ ಒಂದೇ ಪ್ರಮಾಣದಲ್ಲಿ ಸುರಿದ ಮಳೆ ಕೆಂಪು ನೆಲದ ಬಾವಿಗೆ ಒಂದು ಬಗೆ, ಎರೆ ನೆಲದ ಬಾವಿಗೆ ಇನ್ನೊಂದು ಬಗೆ. ಮಳೆಯ ದಿನಗಳು ಕಡಿಮೆಯಾಗಿ, ಸುರಿಯುವಾಗ ಒಮ್ಮೆಲೇ ಸುರಿಯುವುದು ಹೆಚ್ಚಾದರೆ ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಪೆಟ್ಟು? ನನ್ನ ಮಾತು ಕೇಳುವುದಾದರೆ ನಿಮ್ಮ ಪ್ರಬಂಧದ ಪ್ರಶ್ನೆ ಇದಾಗಲಿ.

ಈ ಪ್ರಶ್ನೆಗೆ ಡೌನ್‌ಲೋಡ್ ಮಾಡಿದ ಅಂಕಿ ಏಕೆ ಸಾಲದು ಎಂದರೆ, ಭಾರತ ಹವಾಮಾನ ಇಲಾಖೆಯ 1901ರಿಂದ ಸಿಗುವ ದೈನಂದಿನ ಮಳೆ ದತ್ತಾಂಶ ನೆಲವನ್ನು ಚೌಕಗಳಾಗಿ ವಿಂಗಡಿಸಿ ಕೊಟ್ಟದ್ದು. ಒಂದು ಚೌಕ ಅಕ್ಷಾಂಶ-ರೇಖಾಂಶದ ಕಾಲು ಡಿಗ್ರಿಯದು, ಅಂದರೆ ಸುಮಾರು 27 ಕಿಲೋಮೀಟರ್ ಅಗಲ. ಕೆಂಪು ನೆಲವೂ ಎರೆಯೂ ಒಂದೇ ಚೌಕದಲ್ಲಿ ಬೆರೆತುಹೋಗುತ್ತವೆ. ಕೇಂದ್ರ ಅಂತರ್ಜಲ ಮಂಡಳಿ ತನ್ನ ಬಾವಿಗಳನ್ನು ಅಳೆಯುವುದು ವರ್ಷಕ್ಕೆ ನಾಲ್ಕು ಸಲ. ದೀರ್ಘಕಾಲದ ಏರಿಳಿತಕ್ಕೆ ಅದು ಬಹಳ ಉಪಯುಕ್ತ, ಒಂದು ಮಳೆ ಬಾವಿಗೆ ಎಷ್ಟು ದಿನಕ್ಕೆ ತಲುಪಿತು ಎಂಬುದು ಅದರಲ್ಲಿ ಕಾಣುವುದಿಲ್ಲ. ಮಳೆಯ ಬಿರುಸಿಗೆ ಮಾತ್ರ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳನ್ನು ಖಂಡಿತ ಬಳಸಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸುತ್ತವೆ.

ನಾನು ಮಾಡಿದ ಎರಡು ತಪ್ಪು ಹೇಳಿಬಿಡುತ್ತೇನೆ. ಮೊದಲ ಆರು ತಿಂಗಳು ಬೆಳಿಗ್ಗೆ ಒಂಬತ್ತಕ್ಕೆ ಅಳೆಯುತ್ತಿದ್ದೆ. ಪಂಪ್‌ಸೆಟ್‌ಗೆ ತ್ರೀಫೇಸ್ ವಿದ್ಯುತ್ ಬರುತ್ತಿದ್ದುದು ರಾತ್ರಿ. ಹಾಗಾಗಿ ನಾನು ಬರೆದುಕೊಂಡದ್ದು ನೀರೆತ್ತಿ ಕುಗ್ಗಿದ ಮಟ್ಟ. ಬಾವಿಯ ನಿಜವಾದ ಮಟ್ಟ ಆಗಿರಲಿಲ್ಲ. ಆ ಆರು ತಿಂಗಳ ಪುಟಗಳನ್ನು ಕೈಬಿಡಬೇಕಾಯಿತು. ಪಂಪು ನಿಂತು ಎಷ್ಟು ತಾಸಾಯಿತು ಎಂದು ಪ್ರತಿ ಸಲ ಕೇಳಿ ಬರೆದುಕೊಳ್ಳಿ. ಎರಡನೆಯದು ಇನ್ನೂ ಸಣ್ಣದು. ಕರು ಬಿದ್ದೀತೆಂದು ಒಬ್ಬ ರೈತರು ಬಾವಿಯ ಕಟ್ಟೆಯನ್ನು ಒಂದೂವರೆ ಅಡಿ ಎತ್ತರಿಸಿದ್ದರು. ನಾನು ಗಮನಿಸದೆ ಹೊಸ ಕಟ್ಟೆಯಿಂದ ಟೇಪು ಬಿಟ್ಟು, ನೀರು ಅಷ್ಟು ಕುಸಿಯಿತೆಂದು ಬರೆದೆ. ಕಟ್ಟೆಯ ಮೇಲಲ್ಲ, ಒಳಗೋಡೆಯ ಅಲುಗದ ಕಲ್ಲಿಗೆ ಬಣ್ಣದ ಗುರುತು ಹಾಕಿ.

ರೈತರ ನೆನಪು ಬೇಕಾದಾಗ ಜೂನ್, ಜುಲೈ ಎಂದು ಕೇಳಬೇಡಿ. ಮಳೆ ನಕ್ಷತ್ರ ಹಿಡಿದು ಕೇಳಿ. ‘ಮಿರಗಕ್ಕೆ ಬಿತ್ತಿದಿರಾ? ಉತ್ತರಾ ಮಳೆಗೆ ಬಾವಿ ತುಂಬಿತ್ತೇ?’ ಎಂದರೆ ವರ್ಷಗಳ ಲೆಕ್ಕ ತೆರೆದುಕೊಳ್ಳುತ್ತದೆ. ಈ ನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸುವುದರಿಂದ ತಾರೀಖು ಹೆಚ್ಚುಕಡಿಮೆ ಪ್ರತಿ ವರ್ಷವೂ ಒಂದೇ: ಮೃಗಶಿರಾ, ಅಂದರೆ ರೈತರ ಮಿರಗ, ಜೂನ್ 7-8ಕ್ಕೆ, ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ನಿಮ್ಮ ದೈನಂದಿನ ಮಳೆ ಅಂಕಿಯನ್ನೂ ತಿಂಗಳ ಬದಲು ಅದೇ ಅವಧಿಗಳಲ್ಲಿ ಕೂಡಿಸಿ ನೋಡಿ. ರೈತರ ಮಾತನ್ನು ಮಾಪಕದ ಅಂಕಿಯೊಂದಿಗೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ತೀರಾ ಬರ, ತೀರಾ ನೆರೆ ಚೆನ್ನಾಗಿ ನೆನಪಿರುತ್ತದೆ, ನಡುವಿನ ವರ್ಷಗಳು ಮಸುಕು. ಅಷ್ಟು ಎಚ್ಚರ ಇರಲಿ.

ಕೆಂಪು ನೆಲದಲ್ಲಿ ಹತ್ತು, ಎರೆಯಲ್ಲಿ ಹತ್ತು ಬಾವಿ ಆರಿಸಿಕೊಳ್ಳಿ. ಮೇ ತಿಂಗಳಲ್ಲೇ ಆರಂಭಿಸಿ, ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಅಳೆದ ಮೇಲೆ ನೋಟ್‌ಬುಕ್ ಮುಚ್ಚಿ ಹೊರಟುಬಿಡಬೇಡಿ, ಬಾವಿಯ ಯಜಮಾನರಿಗೆ ಅಳತೆ ಹೇಳಿ, ಹಿಂದಿನ ವರ್ಷ ಇದೇ ಹೊತ್ತಿಗೆ ಎಷ್ಟಿತ್ತೆಂದೂ ಹೇಳಿ. ನಾನು ಹೋಗುತ್ತಿದ್ದ ಒಂದು ಮನೆಯಲ್ಲಿ ಎರಡನೆಯ ವರ್ಷ ನವೆಂಬರಿನ ಅಳತೆ ಕೇಳಿ, ಕಬ್ಬಿಗೆ ನೀರು ಸಾಲದೆಂದು, ಕಟಾವಾದ ಕಬ್ಬನ್ನು ಮತ್ತೆ ಚಿಗುರಲು ಕೂಳೆ ಬಿಡದೆ, ಆ ಹೊಲಕ್ಕೆ ಕಡಿಮೆ ನೀರು ಸಾಕಾಗುವ ಕಡಲೆ ಹಾಕಿದರು.