ಸಂಪಾದಕರ ಉತ್ತರ: ಇನ್ನೊಂದು ಸಲ ನೀರಿಗಿಳಿಯಬೇಕೇ?

(ಕಳೆದ ತಿಂಗಳು ಬಂದ ಪತ್ರ ಇದು. ಹೆಸರು, ಊರು ಹಾಕಬೇಡಿ ಎಂದು ಓದುಗರು ಕೇಳಿಕೊಂಡಿದ್ದಾರೆ. ಗುರುತು ಹತ್ತಬಾರದೆಂದು ಒಂದೆರಡು ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದು ಅಚ್ಚು ಹಾಕಿದ್ದೇವೆ.)

"ಸಂಪಾದಕರಿಗೆ ವಂದನೆಗಳು. ನನಗೀಗ 63 ವರ್ಷ. 40 ದಿನದ ಕೂಸಿದ್ದಾಗ ನಮ್ಮೂರ ದೇವಾಲಯದಲ್ಲಿ ಅಯ್ಯನವರು ನನಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮಾಡಿಸಿದರು. ಹದಿನಾರಕ್ಕೆ ಸಭೆಯ ಮುಂದೆ ನಾನೇ ನಂಬಿಕೆಯನ್ನು ಒಪ್ಪಿಕೊಂಡು ದೃಢೀಕರಣವಾಯಿತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಈಗ ಬೇರೆ ಸಭೆಗೆ ಹೋಗುತ್ತಾನೆ. ಹೋದ ವರ್ಷ ಅಲ್ಲಿ ಮುಳುಗಿ ಸ್ನಾನ ತೆಗೆದುಕೊಂಡ. 'ಅವ್ವಾ, ಪಶ್ಚಾತ್ತಾಪ ಇಲ್ಲದ ಸ್ನಾನ ಸ್ನಾನವೇ ಅಲ್ಲ. ಕೂಸು ಏನು ಪಶ್ಚಾತ್ತಾಪ ಪಡುತ್ತದೆ? ನೀನೂ ತಗೋ' ಎಂದು ಒಂದೇ ಸಮನೆ ಹೇಳುತ್ತಾನೆ. ನಾನು ಏನು ಮಾಡಲಿ? ಇನ್ನೊಂದು ಮಾತು. ನಮ್ಮವ್ವ ಸಾಯುವ ಮುಂಚೆ ಎರಡು ಪಾಟಲಿ ಬಳೆ ನನ್ನ ಕೈಗಿಟ್ಟು, ನಿನಗೊಂದು, ತಂಗಿಗೊಂದು ಅಂದಿದ್ದಳು. ದವಾಖಾನೆ ಖರ್ಚಿಗೆ ಎರಡನ್ನೂ ಮಾರಿದೆ ಎಂದು ತಂಗಿಗೆ ಸುಳ್ಳು ಹೇಳಿದೆ. ಒಂದನ್ನು ಮುರಿಸಿ ಮಗನ ಮದುವೆಯಲ್ಲಿ ಸೊಸೆಗೆ ಸರ ಮಾಡಿಸಿದೆ. ಇನ್ನೊಂದು ಟ್ರಂಕಿನಲ್ಲಿದೆ. 17 ವರ್ಷವಾಯಿತು, ಪ್ರತಿ ಸಲ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ ಹೋಗುವ ಮುಂಚೆ ಅಳುತ್ತೇನೆ. ಮಗ ಹೇಳಿದಂತೆ ಮತ್ತೊಮ್ಮೆ ಸ್ನಾನ ತೆಗೆದುಕೊಂಡರೆ ಇದೂ ತೊಳೆದುಹೋಗುತ್ತದೆಯೇ?"

ಪ್ರೀತಿಯ ಅಕ್ಕನವರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಅರ್ಧದಲ್ಲಿರುವುದು ಮಗನ ಪ್ರಶ್ನೆ, ಕೊನೆಯ ಸಾಲುಗಳಲ್ಲಿರುವುದು ನಿಮ್ಮದು. ಮಗನ ಪ್ರಶ್ನೆಗೆ ಏನಾದರೊಂದು ಹೇಳಬಹುದು. ಐನೂರು ವರ್ಷಗಳಿಂದ ಎರಡೂ ಕಡೆಯವರು ವಾಕ್ಯಗಳನ್ನು ಹುಡುಕಿ ಜೋಡಿಸಿಟ್ಟಿದ್ದಾರೆ. ದೊಡ್ಡದು ನಿಮ್ಮ ಪ್ರಶ್ನೆ. ಅದಕ್ಕೆ ಬರುವ ಮುಂಚೆ ಒಂದು ಶಬ್ದದ ವಿಷಯ ಹೇಳಬೇಕು.

ಪಶ್ಚಾತ್ತಾಪ ಎನ್ನುತ್ತೇವೆ. ಮಾಡಿದ ಮೇಲೆ ಒಳಗೆ ಸುಡುವ ತಾಪ. ಒಳ್ಳೆಯ ಶಬ್ದವೇ, ಸುಟ್ಟುಕೊಂಡವರಿಗೆ ಅದರ ಅರ್ಥ ಗೊತ್ತು. ಆದರೆ ನಿಮ್ಮ ಮನೆಯಲ್ಲಿ ಹಳೆಯ ಕನ್ನಡ ಬೈಬಲ್ ಇದ್ದರೆ ಮತ್ತಾಯನ ಸುವಾರ್ತೆಯ ಮೂರನೆಯ ಅಧ್ಯಾಯ ತೆಗೆದು ನೋಡಿ. ಸ್ನಾನಿಕನಾದ ಯೋಹಾನ ಅಡವಿಯಲ್ಲಿ ನಿಂತು ಸಾರುವ ಮಾತು "ದೇವರ ಕಡೆಗೆ ತಿರುಗಿಕೊಳ್ಳಿರಿ" ಎಂದಿದೆ. ಗ್ರೀಕ್ ಮೂಲದಲ್ಲಿರುವ ಮೆಟನೋಯಿಯ ಎಂಬ ಶಬ್ದಕ್ಕೆ ಮನಸ್ಸು ಮಾರ್ಪಡುವುದು ಎಂದು ಅರ್ಥ. ಅದರ ಹಿಂದೆ ಪ್ರವಾದಿಗಳ ಹೀಬ್ರೂ ಶಬ್ದವೊಂದಿದೆ: ಶೂವ್. ತಿರುಗು, ಮರಳಿ ಬಾ. ದಾರಿ ತಪ್ಪಿದವನು ಹೊರಳಿ ಊರಿಗೆ ಬರುವುದಕ್ಕೂ ಹೀಬ್ರೂವಿನಲ್ಲಿ ಅದೇ ಶಬ್ದ. ನಮ್ಮ ಅನುವಾದಕರು ಗ್ರೀಕಿನ ಕೆಳಗೆ ಹರಿಯುತ್ತಿದ್ದ ಆ ಹೀಬ್ರೂವನ್ನು ಕೇಳಿಸಿಕೊಂಡರು ಎಂದು ನನಗೆ ಪ್ರತಿ ಸಲ ಓದುವಾಗಲೂ ಅನಿಸುತ್ತದೆ. ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ತಾಪ ಕೂತಲ್ಲೇ ಬರುತ್ತದೆ. ತಿರುಗಬೇಕಾದರೆ ಎದ್ದು ನಿಲ್ಲಬೇಕು.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೂ ತಾಪವಾಗಿತ್ತು. 30 ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿ ಹೋದ. ಅವನ ವಿಷಯದಲ್ಲಿ ಮತ್ತಾಯ ಮೆಟನೋಯಿಯ ಎಂಬ ಶಬ್ದವನ್ನು ಬಳಸುವುದಿಲ್ಲ. ಮರುಗಿದ ಎನ್ನುವ ಬೇರೆ ಶಬ್ದ ಅಲ್ಲಿದೆ. ಅದರ ಹಿಂದಿನ ರಾತ್ರಿ, ಯೇಸುವನ್ನು ಅರಿಯೆನೆಂದು ಹೇಳಿದ ಶಿಷ್ಯ ಪೇತ್ರನೂ ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಬಹಳವಾಗಿ ಅತ್ತ. ಅಳುವಿನಲ್ಲಿ ಇಬ್ಬರಿಗೂ ಎಷ್ಟು ವ್ಯತ್ಯಾಸವಿತ್ತೋ ಯಾರು ಬಲ್ಲರು? ಒಬ್ಬ ಕತ್ತಲೆಗೆ ನಡೆದ. ಇನ್ನೊಬ್ಬ ಕೆಲವು ದಿನಗಳ ಮೇಲೆ ಕೆರೆಯ ದಡದಲ್ಲಿ ಯೇಸುವನ್ನು ಕಂಡು, ದೋಣಿ ದಡ ಸೇರುವ ತನಕವೂ ತಾಳದೆ ನೀರಿಗೆ ಧುಮುಕಿ ಅವನ ಕಡೆಗೆ ಹೋದ.

ಯೊರ್ದನ್ ಹೊಳೆಯಲ್ಲಿ ಯೋಹಾನ ಮಾಡಿಸಿದ ಸ್ನಾನವೂ ಹೀಗೆ ತಿರುಗಿ ಬಂದವರದು. ಜನ ಅವನನ್ನು ಕೇಳಿದರು, ನಾವೇನು ಮಾಡಬೇಕು ಎಂದು. ಸುವಾರ್ತೆ ಬರೆದ ಲೂಕ ಆ ಉತ್ತರಗಳನ್ನು ಬರೆದಿಟ್ಟಿದ್ದಾನೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸಿಪಾಯಿಗಳು ಬೆದರಿಸಿ ಕಿತ್ತುಕೊಳ್ಳದೆ ತಮ್ಮ ಸಂಬಳದಲ್ಲಿ ಬಾಳಲಿ. ಕಣ್ಣೀರಿನ ಮಾತು ಒಂದೂ ಇಲ್ಲ. ಅಂಗಿ, ಸುಂಕ, ಸಂಬಳ. ಯಾರ ಪಾಪ ಎಲ್ಲಿ ಅಡಗಿತ್ತೋ ಅಲ್ಲೇ ಬೆರಳಿಟ್ಟ. ಆ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಕ್ರೈಸ್ತನಲ್ಲ, ಯೋಹಾನನನ್ನು ಹೊಗಳಬೇಕಾದ ಹಂಗೂ ಅವನಿಗಿರಲಿಲ್ಲ. ಅವನೂ ಬರೆಯುತ್ತಾನೆ: ಮಾಡಿದ ತಪ್ಪನ್ನು ಮಾಫಿ ಮಾಡಿಸಿಕೊಳ್ಳಲು ಯೋಹಾನ ಈ ಸ್ನಾನ ಕೊಡಲಿಲ್ಲ; ನೀತಿಯ ನಡತೆಯಿಂದ ಆತ್ಮ ಮೊದಲೇ ಶುದ್ಧವಾಗಿರಬೇಕು, ಆಮೇಲೆ ದೇಹಕ್ಕೆ ಸ್ನಾನ. ಸುವಾರ್ತೆ ಬರೆದ ಮಾರ್ಕನಾದರೋ ಅದನ್ನು ಪಾಪಪರಿಹಾರಕ್ಕಾಗಿ ಆದ ಸ್ನಾನ ಎಂದೇ ಕರೆಯುತ್ತಾನೆ. ನಾನು ಮಾರ್ಕನ ಕಡೆ. ಕ್ಷಮೆ ದೇವರ ಕೊಡುಗೆ, ನಮ್ಮ ನಡತೆಯ ಕೂಲಿಯಲ್ಲ. ಆದರೂ ಹೊಳೆಗೆ ಇಳಿಯುವವನ ಮುಖ ಯಾವ ದಿಕ್ಕಿಗಿತ್ತು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಆ ಸಾಲಿನಲ್ಲಿ ಪಾಪವಿಲ್ಲದ ಯೇಸುವೂ ಬಂದು ನಿಂತ. ಯೋಹಾನ ಗಾಬರಿಯಾಗಿ ತಡೆದ. ಯೇಸು ಬಿಡಲಿಲ್ಲ, ಸುಂಕದವರೂ ಸಿಪಾಯಿಗಳೂ ಇಳಿದ ನೀರಿಗೇ ಇಳಿದ. ದೀಕ್ಷಾಸ್ನಾನದ ಬಗ್ಗೆ ನನಗೆ ಗೊತ್ತಿರುವ ಅತ್ಯಂತ ದೊಡ್ಡ ಸಮಾಧಾನ ಇದು.

ಈಗ ನಾನು ಬಹಳ ಪ್ರೀತಿಸುವ ಒಂದು ಚಿತ್ರ. ನಾಲ್ಕನೆಯ ಶತಮಾನದ ಯೆರೂಸಲೇಮಿನಲ್ಲಿ ಹೊಸಬರಿಗೆ ಕೊಟ್ಟ ಉಪದೇಶಗಳು ಬಿಷಪ್ ಸಿರಿಲ್ ಅವರ ಹೆಸರಿನಲ್ಲಿ ಉಳಿದುಕೊಂಡಿವೆ. ಪುನರುತ್ಥಾನದ ಹಬ್ಬದ ರಾತ್ರಿ ಸ್ನಾನಕ್ಕೆ ಬಂದವರನ್ನು ಮೊದಲು ಹೊರಕೋಣೆಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಸೂರ್ಯ ಮುಳುಗುವ ದಿಕ್ಕು, ಕತ್ತಲೆಯ ದಿಕ್ಕು. ಸೈತಾನ ಎದುರಿಗೇ ನಿಂತಿದ್ದಾನೆ ಎಂಬಂತೆ ಕೈ ಚಾಚಿ, ನಿನ್ನನ್ನೂ ನಿನ್ನ ಕೆಲಸಗಳನ್ನೂ ಬಿಟ್ಟೆ ಎಂದು ಹೇಳಬೇಕು. ಆಮೇಲೆ ಇಡೀ ಮೈಯನ್ನು ಮೂಡಣಕ್ಕೆ ತಿರುಗಿಸಿ ತಮ್ಮ ನಂಬಿಕೆಯನ್ನು ಅರಿಕೆ ಮಾಡಬೇಕು. ಅನಂತರವೇ ಒಳಗೆ ಹೋಗಿ, ಬಟ್ಟೆ ಕಳಚಿ, ಎಣ್ಣೆ ಹಚ್ಚಿಸಿಕೊಂಡು ಮೂರು ಸಲ ನೀರಿಗಿಳಿಯುವುದು. ಆ ನೀರು ನಿಮಗೆ ಸಮಾಧಿಯೂ ಹೌದು, ತಾಯಿಯೂ ಹೌದು ಎಂದು ಉಪದೇಶಕರು ಹೇಳಿದರು. ಕ್ರಿಸ್ತನ ಜೊತೆ ಹೂಣಲ್ಪಟ್ಟು ಅವನ ಜೊತೆ ಏಳುವುದು ಎಂದು ರೋಮಾಪುರದವರಿಗೆ ಅಪೊಸ್ತಲ ಪೌಲ ಬರೆದದ್ದೂ ಇದನ್ನೇ. ತಿರುಗುವುದು, ಸಾಯುವುದು, ಹುಟ್ಟುವುದು: ಒಂದು ರಾತ್ರಿಯಲ್ಲಿ ಮೈಯೇ ಅದನ್ನು ಕಲಿಯುತ್ತಿತ್ತು.

ನಿಮ್ಮ ಮಗನ ಪ್ರಶ್ನೆಗೆ ಬರುತ್ತೇನೆ. ಹೊಸ ಒಡಂಬಡಿಕೆಯಲ್ಲಿ ಕೂಸಿಗೆ ಸ್ನಾನ ಮಾಡಿಸಿದ ಸ್ಪಷ್ಟ ಪ್ರಸಂಗ ಇಲ್ಲ. ಲುದ್ಯಳ ಮನೆಯವರೂ ಫಿಲಿಪ್ಪಿಯ ಸೆರೆಮನೆಯ ಯಜಮಾನನ ಮನೆಯವರೂ ಸ್ನಾನ ಮಾಡಿಸಿಕೊಂಡರು ಎಂದಿದೆ. ಅಲ್ಲಿ ಕೂಸುಗಳಿದ್ದವೋ ಇಲ್ಲವೋ ಲೂಕ ಹೇಳುವುದಿಲ್ಲ. ಸುಮಾರು ಕ್ರಿ.ಶ. 200ರಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್, ಮಕ್ಕಳು ಬೆಳೆದು ಕ್ರಿಸ್ತನನ್ನು ಅರಿತ ಮೇಲೆ ಬರಲಿ ಎಂದು ವಾದಿಸಿದ. ಅಂದರೆ ಆಗಲೇ ಚಿಕ್ಕ ಮಕ್ಕಳಿಗೆ ಮಾಡಿಸುತ್ತಿದ್ದರು ಎಂದಾಯಿತು. 1525ರ ಜನವರಿಯಲ್ಲಿ ಜ್ಯೂರಿಕ್ ಊರಿನಲ್ಲಿ ಕೆಲವರು, ನಂಬಿದವನಿಗೇ ಸ್ನಾನ ಎಂದು ಒಬ್ಬರಿಗೊಬ್ಬರು ಮಾಡಿಸಿಕೊಂಡರು. ಅವರಲ್ಲೊಬ್ಬ ಫೆಲಿಕ್ಸ್ ಮಾಂಟ್ಸ್. 1527ರಲ್ಲಿ ಅವನನ್ನು ಲಿಮ್ಮಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಕೊಂದವರು ರೋಮನ್ ಕಥೊಲಿಕರಲ್ಲ, ನಮ್ಮಂಥ ಸುಧಾರಿತ ಸಭೆಯವರು. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಮಗನ ನಂಬಿಕೆಗೆ ಜನ ಜೀವ ತೆತ್ತಿದ್ದಾರೆ, ಆದ್ದರಿಂದ ಅವನನ್ನು ಹಗುರವಾಗಿ ಕಾಣಬೇಡಿ.

ಆದರೆ ನೀವು ಇನ್ನೊಂದು ಸಲ ತೆಗೆದುಕೊಳ್ಳಬೇಕಿಲ್ಲ. ತಂದೆ ಮಗ ಪವಿತ್ರಾತ್ಮರ ಹೆಸರಿನಲ್ಲಿ ನಿಮಗೆ ನೀರು ಬಿದ್ದಿದೆ. ನೀರು ಎಷ್ಟು ಎಂಬುದು ಲೆಕ್ಕವಲ್ಲ. ದಿದಖೆ ಎಂಬ ಬಹಳ ಹಳೆಯ ಸಭಾನಿಯಮದಲ್ಲೇ, ಹರಿಯುವ ನೀರು ಒಳ್ಳೆಯದು, ಸಿಗದಿದ್ದರೆ ಬೇರೆ ನೀರು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿರಿ ಎಂದಿದೆ. ಮಗ ನಿಮಗೆ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯ ತೋರಿಸಿರಬಹುದು: ಎಫೆಸದ ಹನ್ನೆರಡು ಮಂದಿ ಶಿಷ್ಯರಿಗೆ ಪೌಲ ಎರಡನೆಯ ಸಲ ಸ್ನಾನ ಮಾಡಿಸಿದ್ದಾನಲ್ಲ ಎಂದು. ಅವರಿಗೆ ಮೊದಲು ಆಗಿದ್ದು ಯೋಹಾನನ ಸ್ನಾನ. ಯೇಸುವಿನ ಹೆಸರಿನಲ್ಲಿ ಅವರು ಹೊಂದಿದ್ದು ಅದೇ ಮೊದಲು. 'ಪಾಪಪರಿಹಾರಕ್ಕಾಗಿ ಒಂದೇ ದೀಕ್ಷಾಸ್ನಾನ' ಎಂದು ನಾವು ಹೇಳುವ ವಿಶ್ವಾಸಪ್ರಮಾಣದ ಮಾತು 381ರಿಂದ ಉಳಿದು ಬಂದಿದೆ.

ಕೂಸಿಗೆ ಪಶ್ಚಾತ್ತಾಪವಿಲ್ಲ, ನಿಜ. ಅದಕ್ಕೇ ಕೂಸಿನ ಸ್ನಾನ ಒಂದು ಸಾಲವಿದ್ದ ಹಾಗೆ. ದೇವರು ಮೊದಲು ಕೊಟ್ಟುಬಿಟ್ಟಿದ್ದಾನೆ, ತಿರುಗುವುದು ನಮ್ಮ ಕಡೆಯ ಬಾಕಿ. ಜರ್ಮನಿಯ ಸಭಾಸುಧಾರಕ ಲೂಥರ್ 1529ರ ಕಿರು ಪ್ರಶ್ನೋತ್ತರದಲ್ಲಿ ಬರೆದಂತೆ, ನಮ್ಮೊಳಗಿನ ಹಳೆಯ ಆದಾಮ ದಿನದಿನವೂ ಮುಳುಗಿ ಸಾಯಬೇಕು. ನೀರು ಒಂದು ಸಲ, ಮುಳುಗುವುದು ದಿನಾ.

ನಮ್ಮ ಸೀಮೆಯಲ್ಲಿ ಈ ತಿರುಗುವಿಕೆ ಒಂದು ಕಾಲಕ್ಕೆ ಕಣ್ಣಿಗೆ ಕಾಣುತ್ತಿತ್ತು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದ ಮೇಲೆ ಸ್ನಾನ ತೆಗೆದುಕೊಂಡವರು ಎಷ್ಟೋ ಸಲ ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿಯಾಗಲೆಂದೇ ಮಿಶನ್‌ನವರು ನೇಯ್ಗೆ ಶುರುಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅವರ ಮರಿಮಕ್ಕಳಾದ ನಮಗೆ ಸ್ನಾನದ ದಿನವೆಂದರೆ ಕೇಕು, ಫೋಟೊ, ಊಟ. ನಿಮ್ಮ ಮಗ ಸಿಟ್ಟಾಗುವುದು ಇದಕ್ಕಾದರೆ ನಾನೂ ಅವನ ಜೊತೆಗಿದ್ದೇನೆ.

ಇನ್ನು ನಿಮ್ಮ ಪ್ರಶ್ನೆ. ಮತ್ತೊಮ್ಮೆ ಮುಳುಗಿದರೆ ಪಾಟಲಿಯ ಪಾಪವೂ ತೊಳೆದುಹೋಗುತ್ತದೆಯೇ?

ಈ ಆಸೆ ನಿಮ್ಮೊಬ್ಬರದಲ್ಲ. ನಾಲ್ಕನೆಯ ಶತಮಾನದಲ್ಲಿ ಅನೇಕರು ಸ್ನಾನವನ್ನು ಬೇಕೆಂದೇ ಮುಂದೂಡುತ್ತಿದ್ದರು, ಎಲ್ಲವನ್ನೂ ಕೊನೆಗೆ ಒಂದೇ ಸಲ ತೊಳೆದುಕೊಂಡರಾಯಿತು ಎಂದು. ಕಾನ್‌ಸ್ಟಂಟೈನ್ ಚಕ್ರವರ್ತಿ ಸ್ನಾನ ಮಾಡಿಸಿಕೊಂಡದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಅಗಸ್ಟೀನ್ ಹುಡುಗನಾಗಿದ್ದಾಗ ಸುತ್ತಲಿನವರು 'ಬಿಡು, ಮಾಡಲಿ, ಇನ್ನೂ ಸ್ನಾನ ಆಗಿಲ್ಲವಲ್ಲ' ಎನ್ನುತ್ತಿದ್ದರಂತೆ. ಮುಂದೆ ಅದನ್ನು ನೆನೆದು ನೊಂದುಕೊಂಡು ಬರೆದಿದ್ದಾನೆ.

ಥಿಯೊಡೋಸಿಯಸ್ ಚಕ್ರವರ್ತಿಯ ಕಥೆ ನಿಮಗೆ ಹೆಚ್ಚು ಹತ್ತಿರದ್ದು. 380ರಲ್ಲಿ ಕಾಯಿಲೆ ಬಿದ್ದಾಗ ಥೆಸಲೋನಿಕದಲ್ಲಿ ಅವನಿಗೆ ಸ್ನಾನವಾಯಿತು. ಹತ್ತು ವರ್ಷದ ಮೇಲೆ ಅದೇ ಊರಿನ ಜನ ದಂಗೆಯೆದ್ದು ಅವನ ಸೇನಾಧಿಕಾರಿಯನ್ನು ಕೊಂದರು. ಸಿಟ್ಟಿನಲ್ಲಿ ಅವನು ಕೊಟ್ಟ ಅಪ್ಪಣೆಗೆ ಸಾವಿರಾರು ಜನ ಸತ್ತರು. ಯಾವ ಊರಿನ ನೀರಿನಲ್ಲಿ ಹೊಸದಾಗಿ ಹುಟ್ಟಿದ್ದನೋ ಅದೇ ಊರಿನಲ್ಲಿ ರಕ್ತ ಹರಿಸಿದ. ಮಿಲಾನಿನ ಬಿಷಪ್ ಅಂಬ್ರೋಸ್ ತನ್ನ ಕೈಯಿಂದಲೇ ಅವನಿಗೆ ಪತ್ರ ಬರೆದರು: ನೀನು ಎದುರಿಗಿದ್ದರೆ ನಾನು ಕರ್ತನ ಭೋಜನ ನಡೆಸಲಾರೆ. ಮತ್ತೊಮ್ಮೆ ಸ್ನಾನ ಮಾಡಿಸಿಕೋ ಎನ್ನಲಿಲ್ಲ. ದಾವೀದ ಅರಸನಂತೆ ತಪ್ಪೊಪ್ಪಿಕೋ ಎಂದರು. ಚಕ್ರವರ್ತಿ ರಾಜಚಿಹ್ನೆಗಳನ್ನು ತೆಗೆದಿಟ್ಟು, ಎಲ್ಲರ ಕಣ್ಣೆದುರಿಗೆ ಸಭೆಯಲ್ಲಿ ಅತ್ತ. ಸ್ನಾನವಾದ ಮೇಲೆ ಬಿದ್ದವನಿಗೆ ಏಳಲು ಬೇರೆ ಕೊಳ ಇಲ್ಲ. ಸಭೆ ಅವನಿಗೆ ತೋರಿಸಿದ್ದು ಆ ಮೊದಲ ಸ್ನಾನಕ್ಕೇ ಮರಳುವ ದಾರಿಯನ್ನು.

ನಿಮ್ಮ ದಾರಿ ತಂಗಿಯ ಮನೆಯ ಮುಂದೆ ಹಾದುಹೋಗುತ್ತದೆ, ಅಕ್ಕಾ. ಫಿಲಿಪ್ಪಿಯ ಸೆರೆಮನೆಯ ಯಜಮಾನ ಆ ರಾತ್ರಿ ಮೊದಲು ಏಟು ತಿಂದು ಸೆರೆಯಲ್ಲಿದ್ದ ಪೌಲ ಸೀಲರ ಬೆನ್ನಿನ ಬಾಸುಂಡೆ ತೊಳೆದ, ಆಮೇಲೆ ತಾನು ಸ್ನಾನ ಮಾಡಿಸಿಕೊಂಡ. ಅವನು ತೊಳೆದ, ತೊಳೆಯಲ್ಪಟ್ಟ ಎಂದು ಹಳೆಯ ಸಭೆಯ ಪ್ರಸಂಗಿ ಕ್ರಿಸೋಸ್ಟಮ್ ಹೇಳುತ್ತಾರೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂದು ಯೇಸು ಹೇಳಿದ್ದು ನಿಮಗೆ ಬಾಯಿಪಾಠವಿರಬೇಕು. ಪಾಟಲಿ ಕೊಟ್ಟು ಕ್ಷಮೆ ಕೊಂಡುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಸುಂಕದವನಾದ ಜಕ್ಕಾಯನ ಮನೆಗೆ ಯೇಸು ಲೆಕ್ಕ ಕೇಳಿ ಬರಲಿಲ್ಲ, ಊಟಕ್ಕೆ ಬಂದ. ಬಂದನೆಂಬ ಸಂತೋಷಕ್ಕೇ ಆ ಮನುಷ್ಯ ಎದ್ದು ನಿಂತು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ. ಕ್ಷಮೆ ನಿಮ್ಮ ಹತ್ತಿರ ಬಂದಾಗಿದೆ, 17 ವರ್ಷಗಳಿಂದ ನಿಮ್ಮ ಜೊತೆ ಊಟಕ್ಕೆ ಕೂತಿದೆ.

ನಾನೂ ಹೀಗೆ ಅತ್ತವನು. ಯೌವನಸ್ಥರ ಸಂಘದ ಹಣದ ಲೆಕ್ಕ ನನ್ನ ಕೈಯಲ್ಲಿದ್ದಾಗ ರಸೀದಿಗಳನ್ನು ಕಳೆದೆ. ಅಪವಾದ ಗೆಳೆಯನೊಬ್ಬನ ಮೇಲೆ ಬಂದಾಗ ಬಾಯಿ ಬಿಡಲಿಲ್ಲ. ಆರು ವರ್ಷ ದೇವರಿಗೆ ಹೇಳಿಕೊಂಡೆ, ಅವನಿಗೆ ಹೇಳಲಿಲ್ಲ. ಕೊನೆಗೆ ಹೋದಾಗ ಅವನು ಹೊಲಕ್ಕೆ ಹೊರಟು ನಿಂತಿದ್ದ. ಎಲ್ಲ ಕೇಳಿ "ನನಗೆ ಗೊತ್ತಿತ್ತು" ಎಂದ, ಮಜ್ಜಿಗೆ ಕೊಟ್ಟ. ಗೊತ್ತಿದ್ದೂ ಆರು ವರ್ಷ ನನ್ನ ಪಕ್ಕದಲ್ಲೇ ಕೂತು ಕೀರ್ತನೆ ಹಾಡಿದ್ದ.

ನಿಮ್ಮ ತಂಗಿ ಹಾಗೆ ಮಾಡುವರೆಂದು ಭರವಸೆ ಕೊಡಲಾರೆ. ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಅದು ಅವರಿಗೆ ಬಿಟ್ಟದ್ದು. ಸೊಸೆಯ ಕೊರಳಿಗೆ ಕೈ ಹಾಕಬೇಡಿ. ಕರಗಿದ್ದು ನಿಮ್ಮ ಪಾಲಿನ ಪಾಟಲಿ, ಟ್ರಂಕಿನಲ್ಲಿರುವುದು ತಂಗಿಯದು. ಮಗನಿಗೆ ಮೊದಲು ಹೇಳಿ. ಅವನನ್ನೂ ಕರೆದುಕೊಂಡು ಹೋಗಿ. ದವಾಖಾನೆಯ ಕಥೆ ಸುಳ್ಳು ಎಂಬ ಮಾತನ್ನು ಹೊಸಿಲಲ್ಲೇ ಹೇಳಿಬಿಡಿ, ಚಹಾ ಕುಡಿದ ಮೇಲೆ ಹೇಳೋಣ ಎಂದುಕೊಂಡರೆ ಬಾಯಿಗೆ ಬರುವುದಿಲ್ಲ. ಹೋಗಿ ಬಂದ ಮೇಲೆ ನನಗೊಂದು ಕಾರ್ಡು ಬರೆಯಿರಿ. ಅದನ್ನು ಅಚ್ಚು ಹಾಕುವುದಿಲ್ಲ.

ನಿಮ್ಮ ಸಹೋದರ,
ಸಂಪಾದಕ