ಜಪಾನಿನ ಜನ ದುಡ್ಡನ್ನು ಬ್ಯಾಂಕಿನಲ್ಲೇ ಇಡುತ್ತಾರಂತೆ. ಅಲ್ಲಿ ಮ್ಯೂಚುವಲ್ ಫಂಡ್ ಕಂಪನಿಗಳಿಗೆ ಏನು ಕೆಲಸ?

ಕೆಲಸ ಬೇಕಾದಷ್ಟಿದೆ, ಲಾಭದ್ದೇ ಕಷ್ಟ.

ಜಪಾನಿನ ಕುಟುಂಬಗಳ ಹಣಕಾಸು ಆಸ್ತಿ 2,000 ಲಕ್ಷ ಕೋಟಿ ಯೆನ್ ದಾಟಿದೆ. ಅದರಲ್ಲಿ ಸುಮಾರು ಅರ್ಧ ನಗದು, ಠೇವಣಿ. ಇದು ಸುಮ್ನೆ ಬಂದ ಅಭ್ಯಾಸವಲ್ಲ. 1989ರ ಕೊನೆಯಲ್ಲಿ ಜಪಾನಿನ ಷೇರು ಸೂಚ್ಯಂಕ ನಿಕ್ಕೈ ಮುಟ್ಟಿದ್ದ ಎತ್ತರಕ್ಕೆ ಮತ್ತೆ ಏರಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ! ಅಪ್ಪ ಕೈ ಸುಟ್ಟುಕೊಂಡದ್ದನ್ನು ನೋಡಿದ ಮಗ ಷೇರಿನ ಹತ್ತಿರ ಹೋಗುತ್ತಾನಾ? ಬೆಲೆಗಳೂ ಏರುತ್ತಿರಲಿಲ್ಲ, ಹಾಗಾಗಿ ಬ್ಯಾಂಕಿನಲ್ಲಿಟ್ಟರೂ ನಷ್ಟವಿರಲಿಲ್ಲ.

ಈಗ ಬೆಲೆ ಏರುತ್ತಿದೆ. 2024ರ ಜನವರಿಯಲ್ಲಿ ಸರ್ಕಾರ ‘ನೀಸಾ’ ಎಂಬ ಹೂಡಿಕೆ ಖಾತೆಯನ್ನು ಹಿಗ್ಗಿಸಿತು. ವರ್ಷಕ್ಕೆ 36 ಲಕ್ಷ ಯೆನ್ ಹೂಡಬಹುದು, ಲಾಭಕ್ಕೆ ತೆರಿಗೆ ಇಲ್ಲ. ಇಲ್ಲದಿದ್ದರೆ ಸುಮಾರು 20% ಕಟ್ಟಬೇಕು.

ಆದರೆ ಹೊಸಬರು ಹೆಚ್ಚಾಗಿ ಹೋಗುತ್ತಿರುವುದು ಅಗ್ಗದ ಇಂಡೆಕ್ಸ್ ಫಂಡಿಗೆ, ಅಂದರೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡಿಗೆ. ಅಲ್ಲಿ ‘ಓರುಕಾನ್’ ಎಂದು ಕರೆಯುವ ಜನಪ್ರಿಯ ಫಂಡಿನ ಶುಲ್ಕ ವರ್ಷಕ್ಕೆ 0.06%ಕ್ಕಿಂತ ಕಡಿಮೆ. ಒಂದು ಲಕ್ಷ ಯೆನ್‌ಗೆ ಅರವತ್ತು ಯೆನ್ನೂ ಇಲ್ಲ! ಗ್ರಾಹಕನಿಗೆ ಹಬ್ಬ, ಕಂಪನಿಗೆ ಉಪವಾಸ. ಅದೂ ಹಣ ಜಾಸ್ತಿ ಹೋಗುವುದು ಅಮೆರಿಕದ ಷೇರಿಗೆ, ಜಪಾನಿನದ್ದಕ್ಕಲ್ಲ.

ಇನ್ನು ಧೈರ್ಯದ ಮಾತು. 2024ರ ಆಗಸ್ಟ್ 5ರಂದು ನಿಕ್ಕೈ ಒಂದೇ ದಿನ 12% ಬಿತ್ತು. ಮರುದಿನವೇ 10% ಎದ್ದಿತು. ಹೆದರಿ ಮಾರಿದವರಿಗೆ ಎರಡನೇ ದಿನ ಸಿಗಲಿಲ್ಲ, ಅಷ್ಟೆ.